ಹದಿನೆಂಟರಿಂದ ಇಪ್ಪತ್ತೆರಡು: ಉಜ್ಬೇಕಿಸ್ತಾನ ಉಳಿಸಿಕೊಂಡ ನಾಲ್ಕು ವರ್ಷ

ಮೂರು ಸಲ ವಿಶ್ವಕಪ್ಪಿನ ಹೊಸ್ತಿಲಲ್ಲಿ ಎಡವಿದ ದೇಶ ಈ ಸಲ ಒಳಗೆ ಕಾಲಿಟ್ಟಿದೆ. ದುಡ್ಡು ಸುರಿದು ಜಗತ್ಪ್ರಸಿದ್ಧರನ್ನು ಕರೆತಂದಾಗ ಆಗದ ಕೆಲಸ, ತನ್ನ ಹುಡುಗರನ್ನು ನಡುದಾರಿಯಲ್ಲಿ ಕೈಬಿಡದೆ ಇದ್ದಾಗ ಆಯಿತು. ರಾಷ್ಟ್ರೀಯ ತಂಡದ ತಯಾರಿ ಶಿಬಿರದಲ್ಲಿ ಶುರುವಾಗುವುದಿಲ್ಲ ಎಂಬುದಕ್ಕೆ ಉಜ್ಬೇಕಿಸ್ತಾನವೇ ಸಾಕ್ಷಿ. ಭಾರತದ ಫುಟ್‌ಬಾಲ್ ಓದಬೇಕಾದ ಪಾಠವೂ ಅಲ್ಲೇ ಇದೆ.

2005ರ ಸೆಪ್ಟೆಂಬರ್ 3, ತಾಷ್ಕೆಂಟ್. ವಿಶ್ವಕಪ್ ಅರ್ಹತೆಯ ಪ್ಲೇ-ಆಫ್‌ನಲ್ಲಿ ಬಹರೇನ್ ಎದುರು ಉಜ್ಬೇಕಿಸ್ತಾನ 1–0 ಮುಂದಿದೆ. 39ನೇ ನಿಮಿಷಕ್ಕೆ ಪೆನಾಲ್ಟಿ ಸಿಗುತ್ತದೆ. ಸರ್ವರ್ ಜೆಪರೋವ್ ಒದ್ದ ಚೆಂಡು ಬಲೆ ಸೇರುತ್ತದೆ. ಆದರೆ ಜೆಪರೋವ್ ಕಾಲು ಬೀಸುವ ಮೊದಲೇ ಜತೆಗಾರನೊಬ್ಬ ಪೆನಾಲ್ಟಿ ಆವರಣದೊಳಗೆ ನುಗ್ಗಿದ್ದಾನೆ. ನಿಯಮದ ಪ್ರಕಾರ ಪೆನಾಲ್ಟಿಯನ್ನು ಮತ್ತೊಮ್ಮೆ ಒದೆಸಬೇಕು. ಜಪಾನಿನ ರೆಫರಿ ಹಾಗೆ ಮಾಡದೆ ಬಹರೇನ್‌ಗೆ ಫ್ರೀ ಕಿಕ್ ಕೊಡುತ್ತಾರೆ. ಪಂದ್ಯವನ್ನು ಗೆದ್ದೂ ಉಜ್ಬೇಕಿಸ್ತಾನ ದೂರು ಕೊಟ್ಟಿತು, 3–0 ಗೆಲುವು ಘೋಷಿಸಬೇಕೆಂದು ಕೇಳಿತು. ಫಿಫಾ ಫಲಿತಾಂಶವನ್ನೇ ರದ್ದುಮಾಡಿ ಇಡೀ ಪಂದ್ಯವನ್ನು ಮತ್ತೆ ಆಡಿಸಿತು. ಈ ಸಲ ತಾಷ್ಕೆಂಟ್‌ನಲ್ಲಿ 1–1, ನಾಲ್ಕು ದಿನಗಳ ಬಳಿಕ ಮನಾಮದಲ್ಲಿ 0–0. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ಅಂದಿನ ನಿಯಮದಿಂದ ಬಹರೇನ್ ಮುಂದಿನ ಸುತ್ತಿಗೆ ಹೋಯಿತು. ಕೈಗೆ ಬಂದ ಗೆಲುವನ್ನು ಕಳೆದುಕೊಂಡು ಉಜ್ಬೇಕಿಸ್ತಾನ ಮನೆಗೆ ಮರಳಿತು.

ಅದಾಗಿ ಇಪ್ಪತ್ತು ವರ್ಷ. 2025ರ ಜೂನ್ 5ರಂದು ಅಬುಧಾಬಿಯಲ್ಲಿ ಯುಎಇ ಎದುರು ಅದೇ ದೇಶಕ್ಕೆ ಬೇಕಿದ್ದದ್ದು ಒಂದು ಡ್ರಾ. ಪಂದ್ಯ 0–0ರಲ್ಲಿ ಮುಗಿಯಿತು. ಮಧ್ಯ ಏಷ್ಯಾದ ಒಂದು ರಾಷ್ಟ್ರ ಮೊತ್ತಮೊದಲ ಬಾರಿಗೆ ವಿಶ್ವಕಪ್ ಪ್ರವೇಶಿಸಿತು. 2026ರ ಜೂನ್ 11ರಂದು ಅಮೆರಿಕ, ಮೆಕ್ಸಿಕೊ ಮತ್ತು ಕೆನಡಾದಲ್ಲಿ ಆರಂಭವಾಗುವ ಟೂರ್ನಿಗೆ ತಯಾರಾದ 48 ತಂಡಗಳಲ್ಲಿ ನಾಲ್ಕು ಹೊಸಬರು: ಕೇಪ್ ವರ್ಡೆ, ಕುರಾಸೌ, ಜೋರ್ಡಾನ್, ಉಜ್ಬೇಕಿಸ್ತಾನ. ತಾಷ್ಕೆಂಟ್ ಎಂದರೆ 1966ರ ಜನವರಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರನ್ನು ಕಳೆದುಕೊಂಡ ಊರೆಂದೇ ನೆನೆಯುವ ಭಾರತೀಯರು ಈಗ ಆ ಊರನ್ನು ಇನ್ನೊಂದು ಕಾರಣಕ್ಕೂ ಗಮನಿಸಬೇಕು. ಅಲ್ಲಿನ ಜನಸಂಖ್ಯೆ ನಾಲ್ಕು ಕೋಟಿಯೊಳಗೆ, ಅಂದರೆ ಕರ್ನಾಟಕಕ್ಕಿಂತ ಕಡಿಮೆ. ಸಮುದ್ರ ತಲುಪಲು ಎರಡು ದೇಶ ದಾಟಬೇಕಾದ ನಾಡು ಅದು. ಅಂಥ ದೇಶಕ್ಕೆ ಇದು ಹೇಗೆ ಸಾಧ್ಯವಾಯಿತು?

ಹೊಸ್ತಿಲಿಂದ ಹಿಂದಿರುಗಿದ ವರ್ಷಗಳು
- 2005: ಗೆದ್ದ ಪಂದ್ಯ ರದ್ದು. ಮರುಪಂದ್ಯದ ಬಳಿಕ ಬಹರೇನ್‌ಗೆ ಅವಕಾಶ.
- 2013: ಗುಂಪಿನಲ್ಲಿ ದಕ್ಷಿಣ ಕೊರಿಯಾದಷ್ಟೇ 14 ಅಂಕ. ಗೋಲು ವ್ಯತ್ಯಾಸದಲ್ಲಿ ಒಂದೇ ಒಂದು ಗೋಲು ಕಡಿಮೆ. ನಂತರ ಜೋರ್ಡಾನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ 8–9 ಸೋಲು.
- 2017: ತಾಷ್ಕೆಂಟ್‌ನಲ್ಲಿ ದಕ್ಷಿಣ ಕೊರಿಯಾ ಜತೆ 0–0. ಗೆಲುವು ಬೇಕಿದ್ದ ದಿನ ಗೋಲು ಬರಲಿಲ್ಲ.

ದುಡ್ಡು ಮೊದಲು ಹೋದ ದಾರಿ

ಸುಲಭವಾಗಿ ಹೊಳೆಯುವ ಉತ್ತರ ಹಣ. ಆದರೆ ಉಜ್ಬೇಕಿಸ್ತಾನದ ಇತಿಹಾಸವೇ ಆ ಉತ್ತರವನ್ನು ಅಲ್ಲಗಳೆಯುತ್ತದೆ. 2008ರ ಸುಮಾರಿಗೆ ತಾಷ್ಕೆಂಟ್‌ನ ಬುನ್ಯೋದ್ಕೋರ್ ಕ್ಲಬ್ ಏಷ್ಯಾದಲ್ಲೇ ದೊಡ್ಡ ಸುದ್ದಿ ಮಾಡಿತ್ತು. ಬ್ರೆಜಿಲ್‌ಗೆ 2002ರ ವಿಶ್ವಕಪ್ ಗೆದ್ದುಕೊಟ್ಟ ತಂಡದ ರಿವಾಲ್ಡೊ ಅದರ ಅಂಗಿ ತೊಟ್ಟರು. ಕೋಚ್ ಆಗಿ ಮೊದಲು ಜೀಕೊ, ಆಮೇಲೆ ಅದೇ 2002ರ ಬ್ರೆಜಿಲ್ ತಂಡದ ಕೋಚ್ ಸ್ಕೊಲಾರಿ ಬಂದರು. ಬುನ್ಯೋದ್ಕೋರ್ 2008ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ತಲುಪಿತು. ಅದೇ ವರ್ಷ ಜೆಪರೋವ್ ಏಷ್ಯಾದ ವರ್ಷದ ಆಟಗಾರನಾದರು. ರಾಷ್ಟ್ರೀಯ ತಂಡ ಮಾತ್ರ 2010ರ ವಿಶ್ವಕಪ್ಪಿಗೂ ಹೋಗಲಿಲ್ಲ, 2014ರದಕ್ಕೂ ಹೋಗಲಿಲ್ಲ. ಒಂದು ಕ್ಲಬ್ಬಿನ ನೆತ್ತಿಯ ಮೇಲೆ ಸುರಿದ ಹಣ ಅಲ್ಲಿಯೇ ಇಂಗಿತು, ಬೇರಿಗೆ ಇಳಿಯಲಿಲ್ಲ.

ಪ್ರತಿಭೆಯ ಕೊರತೆಯೂ ಆ ದೇಶಕ್ಕೆ ಎಂದೂ ಇರಲಿಲ್ಲ. ಸೋವಿಯತ್ ಕಾಲದಲ್ಲೇ ತಾಷ್ಕೆಂಟ್‌ನ ಪಾಖ್ತಕೋರ್ ಒಕ್ಕೂಟದ ಅಗ್ರ ಲೀಗ್‌ನಲ್ಲಿ ಆಡುತ್ತಿತ್ತು. 1979ರ ಆಗಸ್ಟ್ 11ರಂದು ಉಕ್ರೇನ್ ಮೇಲಿನ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ ಆ ಕ್ಲಬ್ಬಿನ 17 ಮಂದಿ ತೀರಿಕೊಂಡರು. ಆ ಏಟಿನಿಂದಲೂ ಅಲ್ಲಿನ ಫುಟ್‌ಬಾಲ್ ಎದ್ದು ನಿಂತಿತು. 1991ರಲ್ಲಿ ಸ್ವತಂತ್ರವಾದ ದೇಶ ಮೂರೇ ವರ್ಷಕ್ಕೆ, 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾವನ್ನು 4–2ರಿಂದ ಸೋಲಿಸಿ ಚಿನ್ನ ಗೆದ್ದಿತು. 2012ರಲ್ಲಿ ಅದರ ಕಿರಿಯರು ಏಷ್ಯಾ ಚಾಂಪಿಯನ್ನರಾದರು. 2013 ಮತ್ತು 2015ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಹಣವೂ ಇತ್ತು, ಪ್ರತಿಭೆಯೂ ಇತ್ತು. ಆದರೂ ಹಿರಿಯರ ತಂಡ ಪ್ರತಿ ಸಲ ಒಂದು ಗೋಲಿನ, ಒಂದು ಪೆನಾಲ್ಟಿಯ ಅಂತರದಲ್ಲಿ ಹಿಂದುಳಿಯುತ್ತಿತ್ತು. ಹಾಗಾದರೆ ಕೊರತೆ ಇದ್ದದ್ದು ಬೇರೆಲ್ಲೋ.

ನಾಟಿಯ ಹೊತ್ತು

ಆ ಕೊರತೆ ಹದಿನೆಂಟರಿಂದ ಇಪ್ಪತ್ತೆರಡರ ನಡುವಿನ ವಯಸ್ಸಿನದು ಎಂಬುದು ಈ ಲೇಖನದ ವಾದ. ಹದಿನೇಳರ ಹುಡುಗನಿಗೆ ಎಲ್ಲ ಕಡೆಯೂ ಟೂರ್ನಿ ಇದೆ, ತರಬೇತುದಾರರಿದ್ದಾರೆ, ಚಪ್ಪಾಳೆ ಇದೆ. ಇಪ್ಪತ್ತಮೂರರ ಸಿದ್ಧ ಆಟಗಾರನಿಗೆ ಕ್ಲಬ್ ಇದೆ, ಸಂಬಳ ಇದೆ. ನಡುವಿನವನು ಕಿರಿಯರ ತಂಡಕ್ಕೆ ದೊಡ್ಡವನು, ಗೆಲ್ಲಲೇಬೇಕೆಂಬ ಒತ್ತಡದಲ್ಲಿರುವ ಕ್ಲಬ್ಬಿನ ಕೋಚ್‌ಗೆ ಇನ್ನೂ ಹಸಿ. ಹಾಗಾಗಿ ಬದಲಿ ಆಟಗಾರರ ಬೆಂಚಿನ ಮೇಲೆ ಕೂರುತ್ತಾನೆ. ಗಂಡಸರ ಮೈಕಟ್ಟಿನ ಎದುರಾಳಿ ತೋಳು ಕೊಟ್ಟು ತಳ್ಳಿದಾಗ ಚೆಂಡು ಉಳಿಸಿಕೊಳ್ಳುವುದು ಹೇಗೆ, ತೊಂಬತ್ತನೇ ನಿಮಿಷದಲ್ಲಿ ಕಾಲು ಸೋತಾಗ ಎಲ್ಲಿ ನಿಲ್ಲಬೇಕು, ಇವನ್ನೆಲ್ಲ ಕಲಿಯಬೇಕಾದ ವರ್ಷಗಳೇ ಅವನಿಗೆ ಆಟವಿಲ್ಲದ ವರ್ಷಗಳಾಗುತ್ತವೆ. ಸಸಿಮಡಿಯಲ್ಲಿ ಪೈರು ಎಷ್ಟು ಹುಲುಸಾಗಿ ಬಂದರೂ ಹೊತ್ತಿಗೆ ಸರಿಯಾಗಿ ಕಿತ್ತು ನಾಟಿ ಮಾಡದಿದ್ದರೆ ತೆನೆ ಕಟ್ಟುವುದಿಲ್ಲ.

ಉಜ್ಬೇಕಿಸ್ತಾನ ಈ ಜಾಗದಲ್ಲೇ ಕೈಹಾಕಿತು. 2021ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಒಲಿಂಪಿಕ್ ಎಂಬ ಹೆಸರಿನ ಕ್ಲಬ್ ಕಟ್ಟಿತು. ಅದರಲ್ಲಿದ್ದವರು ಒಲಿಂಪಿಕ್ಸ್ ವಯೋಮಿತಿಯ ಹುಡುಗರು. ಅವರನ್ನು ದೇಶದ ಎರಡನೇ ಹಂತದ ಲೀಗ್‌ಗೆ, ಅಲ್ಲಿಂದ ಸೂಪರ್ ಲೀಗ್‌ಗೆ ಇಳಿಸಿದರು. ಎದುರಾಳಿಗಳು ಅವರಿಗಿಂತ ಎಷ್ಟೋ ವರ್ಷ ದೊಡ್ಡವರು. ಗೆಲ್ಲುವುದಕ್ಕಿಂತ ವಾರವಾರವೂ ಆಡುವುದೇ ಅಲ್ಲಿ ಮುಖ್ಯ. ಶಿಬಿರಕ್ಕೆ ಹತ್ತು ದಿನ ಕರೆದು, ಟೂರ್ನಿ ಮುಗಿಸಿ ಮನೆಗೆ ಕಳಿಸುವ ಪದ್ಧತಿಗೆ ಇದು ತೀರ ಭಿನ್ನ. ವರ್ಷಪೂರ್ತಿ ಒಟ್ಟಿಗೇ ಆಡಿದವರೇ ರಾಷ್ಟ್ರೀಯ ಕಿರಿಯರ ತಂಡದ ತಿರುಳಾದರು. ಆ ತಂಡ 2022ರಲ್ಲಿ ಮತ್ತು 2024ರಲ್ಲಿ 23 ವರ್ಷದೊಳಗಿನವರ ಏಷ್ಯಾ ಕಪ್‌ನ ಫೈನಲ್ ತಲುಪಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲ್ ಅಂಗಣಕ್ಕೆ ಉಜ್ಬೇಕಿಸ್ತಾನ ಇಳಿದದ್ದು ಅದೇ ಮೊದಲು.

ಎರಡನೆಯದಾಗಿ, ಹುಡುಗರನ್ನು ಹೊರಗೆ ಕಳಿಸುವುದಕ್ಕೆ ಅವರು ಹೆದರಲಿಲ್ಲ. ಅಬ್ದುಕೊದಿರ್ ಖುಸನೋವ್ ಹುಟ್ಟಿದ್ದು 2004ರ ಫೆಬ್ರುವರಿ 29ರಂದು. ಹದಿನೆಂಟರ ವಯಸ್ಸಿಗೆ ಅವರು ಹೋದದ್ದು ಸ್ಪೇನ್‌ಗೂ ಅಲ್ಲ, ಇಂಗ್ಲೆಂಡ್‌ಗೂ ಅಲ್ಲ. ಬೆಲಾರುಸ್‌ನ ಮಿನ್ಸ್ಕ್ ನಗರದ ಎನರ್ಗೆಟಿಕ್ ಕ್ಲಬ್‌ಗೆ. ಅಲ್ಲಿ ದೊಡ್ಡ ಹೆಸರಿರಲಿಲ್ಲ, ಆದರೆ ಆಡಲು ಅವಕಾಶವಿತ್ತು. 2023ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಆಡಿದ ಅವರನ್ನು ಅದೇ ವರ್ಷ ಫ್ರಾನ್ಸ್‌ನ ಲೆನ್ಸ್ ಕರೆದುಕೊಂಡಿತು. 2025ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಖರೀದಿಸಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಡಿದ ಮೊದಲ ಉಜ್ಬೇಕ್ ಅವರು. ಚೆಲ್ಸಿ ಎದುರಿನ ಮೊದಲ ಪಂದ್ಯದಲ್ಲಿ ಮೂರೇ ನಿಮಿಷದೊಳಗೆ ಅವರ ತಪ್ಪಿನಿಂದ ಗೋಲು ಬಿತ್ತು. ಅದರಿಂದ ಕುಸಿಯದೆ ಅದೇ ಕ್ಲಬ್ಬಿನಲ್ಲಿ ಅವರು ಬೆಳೆದದ್ದು, ದಾರಿಯ ಒಂದೊಂದು ಮೆಟ್ಟಿಲನ್ನೂ ಕಾಲೂರಿ ಹತ್ತಿದ್ದರ ಫಲ.

ಖುಸನೋವ್ ಒಬ್ಬರೇ ಅಲ್ಲ. 2023ರಲ್ಲಿ ತಾಷ್ಕೆಂಟ್‌ನಲ್ಲೇ ನಡೆದ 20 ವರ್ಷದೊಳಗಿನವರ ಏಷ್ಯಾ ಕಪ್ ಗೆದ್ದುಕೊಟ್ಟ ಅಬ್ಬೊಸ್‌ಬೆಕ್ ಫೈಜುಲ್ಲಾಯೆವ್ ಪಾಖ್ತಕೋರ್‌ನಿಂದ ಮಾಸ್ಕೊದ ಸಿಎಸ್‌ಕೆಎಗೆ, ಅಲ್ಲಿಂದ ಟರ್ಕಿಯ ಬಶಕ್‌ಶೆಹಿರ್‌ಗೆ ಹೋದರು. 2018ರಲ್ಲಿ ಚೀನಾದ ಚಾಂಗ್‌ಝೌನಲ್ಲಿ ಹಿಮ ಸುರಿಯುತ್ತಿದ್ದ ಅಂಗಣದಲ್ಲಿ ವಿಯೆಟ್ನಾಂ ತಂಡವನ್ನು 2–1ರಿಂದ ಸೋಲಿಸಿ 23 ವರ್ಷದೊಳಗಿನವರ ಏಷ್ಯಾ ಕಪ್ ಎತ್ತಿದ ತಂಡದ ಒದಿಲ್ಜೊನ್ ಹಮ್ರೊಬೆಕೊವ್, ರುಸ್ತಮ್ ಅಶುರ್ಮಾತೊವ್ ಏಳು ವರ್ಷಗಳ ಬಳಿಕ ಅರ್ಹತಾ ಸುತ್ತಿನಲ್ಲಿ ಹಿರಿಯರಾಗಿ ನಿಂತರು. ಅವರ ಮುಂದೆ ಇಟಲಿಯ ಜೆನೋವಾ, ರೋಮಾ, ಕಾಲ್ಯಾರಿಗಳಲ್ಲಿ ಪಳಗಿದ ನಾಯಕ ಎಲ್ದೊರ್ ಶೊಮುರೊದೊವ್. ಹೀಗೆ 2018ರ ಪೀಳಿಗೆ, 2023ರ ಪೀಳಿಗೆ, ಮೊದಲಿನವರು ಎಲ್ಲ ಒಂದೇ ತಂಡದಲ್ಲಿ ಕೂಡಿದ್ದು ಆಕಸ್ಮಿಕವಲ್ಲ. ಒಂದು ಪೀಳಿಗೆ ಮುಗಿಯುವ ಮೊದಲೇ ಇನ್ನೊಂದು ಸಿದ್ಧವಿತ್ತು.

ಕಿರಿಯರ ಸಾಲು ಹೀಗಿದೆ
- 2018: 23 ವರ್ಷದೊಳಗಿನವರ ಏಷ್ಯಾ ಕಪ್ ಚಾಂಪಿಯನ್. ದಾರಿಯಲ್ಲಿ ಜಪಾನ್ ಎದುರು 4–0 ಗೆಲುವು.
- 2022, 2024: ಅದೇ ಟೂರ್ನಿಯಲ್ಲಿ ರನ್ನರ್ ಅಪ್.
- 2023: ಇರಾಕ್ ಎದುರು 1–0 ಗೆದ್ದು 20 ವರ್ಷದೊಳಗಿನವರ ಏಷ್ಯಾ ಚಾಂಪಿಯನ್. ಅದೇ ವರ್ಷ ಇಂಡೊನೇಷ್ಯಾದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರು 2–1 ಗೆಲುವು.
- 2025: ಸೌದಿ ಅರೇಬಿಯಾದ ತಾಯಿಫ್‌ನಲ್ಲಿ ಒಂಬತ್ತೇ ಆಟಗಾರರು ಉಳಿದರೂ ಆತಿಥೇಯರನ್ನು 2–0ರಿಂದ ಮಣಿಸಿ 17 ವರ್ಷದೊಳಗಿನವರ ಏಷ್ಯಾ ಚಾಂಪಿಯನ್.

‘48 ತಂಡಗಳಾದವು, ಬಾಗಿಲು ಅಗಲವಾಯಿತು’

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಇದು. ವಿಶ್ವಕಪ್ 32 ತಂಡಗಳಿಂದ 48ಕ್ಕೆ ಹಿಗ್ಗಿದೆ. ಏಷ್ಯಾದ ನೇರ ಸ್ಥಾನಗಳು ನಾಲ್ಕರಿಂದ ಎಂಟಕ್ಕೇರಿವೆ. ಹಾಗಿರುವಾಗ ಸಾಧನೆಯ ಹಿರಿಮೆ ಎಲ್ಲಿ? ಆಕ್ಷೇಪದಲ್ಲಿ ಹುರುಳಿದೆ, ಬಾಗಿಲು ಅಗಲವಾದದ್ದು ನಿಜ. ಆದರೆ ಉಜ್ಬೇಕಿಸ್ತಾನ ಬಂದದ್ದು ಹೆಚ್ಚುವರಿ ಪ್ಲೇ-ಆಫ್‌ಗಳ ಸಂದಿಯಿಂದಲ್ಲ. ಇರಾನ್, ಯುಎಇ, ಏಷ್ಯಾ ಚಾಂಪಿಯನ್ ಕತಾರ್ ಇದ್ದ ಗುಂಪಿನಲ್ಲಿ ಹತ್ತು ಪಂದ್ಯಗಳಲ್ಲಿ ಆರು ಗೆಲುವು, ಮೂರು ಡ್ರಾ, ಒಂದೇ ಸೋಲು. 21 ಅಂಕಗಳೊಂದಿಗೆ ಇರಾನ್ ನಂತರದ ಎರಡನೇ ಸ್ಥಾನ, ಮೂರನೇ ಸ್ಥಾನದ ಯುಎಇಗಿಂತ ಆರು ಅಂಕ ಮುಂದೆ. ಹಿಂದಿನ ವಿಶ್ವಕಪ್ಪುಗಳ ಅರ್ಹತೆಯಲ್ಲೂ ಗುಂಪಿನ ಮೊದಲ ಇಬ್ಬರಿಗೆ ನೇರ ಪ್ರವೇಶವಿತ್ತು. ಆಮೇಲೆ ನಡೆದ ಮಧ್ಯ ಏಷ್ಯಾ ಸಂಘದ ನೇಷನ್ಸ್ ಕಪ್ ಫೈನಲ್‌ನಲ್ಲಿ ಅದೇ ಇರಾನ್ ತಂಡವನ್ನು ಅದು 1–0ರಿಂದ ಸೋಲಿಸಿತು. ಬಾಗಿಲು ಅಗಲವಾದಾಗ ನೂಕುನುಗ್ಗಲಿನಲ್ಲಿ ಒಳಬಂದ ತಂಡ ಇದಲ್ಲ.

‘ಕಿರಿಯರ ಕಪ್ ಗೆದ್ದವರೆಲ್ಲ ಹಿರಿಯರಾಗಿ ಗೆಲ್ಲುತ್ತಾರೆಯೇ?’

ಇದು ಹೆಚ್ಚು ಗಂಭೀರ ಆಕ್ಷೇಪ, ಉತ್ತರ ‘ಇಲ್ಲ’. ನೈಜೀರಿಯಾ ಇದಕ್ಕೆ ದೊಡ್ಡ ನಿದರ್ಶನ. 1985, 1993, 2007, 2013, 2015 ಹೀಗೆ ಐದು ಬಾರಿ 17 ವರ್ಷದೊಳಗಿನವರ ವಿಶ್ವಕಪ್ ಗೆದ್ದ ದೇಶ ಅದು. ಬೇರೆ ಯಾವ ದೇಶವೂ ಅಷ್ಟು ಸಲ ಗೆದ್ದಿಲ್ಲ. ಆದರೂ 2022ರ ವಿಶ್ವಕಪ್ಪಿಗೂ 2026ರ ವಿಶ್ವಕಪ್ಪಿಗೂ ನೈಜೀರಿಯಾದ ಹಿರಿಯರು ಅರ್ಹತೆ ಪಡೆಯಲಿಲ್ಲ. ಉಜ್ಬೇಕಿಸ್ತಾನದ 2012ರ ಕಿರಿಯ ಚಾಂಪಿಯನ್ನರು ಕೂಡ 2018ರ ವಿಶ್ವಕಪ್ಪಿನ ಹೊತ್ತಿಗೆ ದೇಶವನ್ನು ದಡ ಸೇರಿಸಲಾಗಲಿಲ್ಲ. ಇದು ನಮ್ಮ ವಾದವನ್ನು ಮುರಿಯುವುದಿಲ್ಲ, ಅದನ್ನು ನಿಖರಗೊಳಿಸುತ್ತದೆ. ಹದಿನೇಳರ ಗೆಲುವಿಗೆ ತನ್ನಷ್ಟಕ್ಕೆ ಬೆಲೆ ಕಡಿಮೆ. ಅದರ ನಂತರದ ನಾಲ್ಕೈದು ವರ್ಷ ಆ ಹುಡುಗ ಎಲ್ಲಿ, ಯಾರ ಎದುರು, ಎಷ್ಟು ಪಂದ್ಯ ಆಡಿದ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2012ರ ಪೀಳಿಗೆಗೆ ಒಲಿಂಪಿಕ್ ಕ್ಲಬ್‌ನಂಥ ಸೇತುವೆ ಇರಲಿಲ್ಲ, 2021ರ ನಂತರದವರಿಗೆ ಇತ್ತು.

ತಂಡದ ಚುಕ್ಕಾಣಿಯಲ್ಲೂ ಈ ಸೇತುವೆ ಕೆಲಸ ಮಾಡಿತು. ಸ್ಲೊವೇನಿಯಾದ ಕೋಚ್ ಸ್ರೆಚ್ಕೊ ಕತಾನೆಚ್ 2025ರ ಜನವರಿಯಲ್ಲಿ ಅನಾರೋಗ್ಯದಿಂದ ಹೊರಟಾಗ ಅರ್ಹತಾ ಸುತ್ತು ಇನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಿನಲ್ಲಿ ತಂಡಗಳು ಸಾಮಾನ್ಯವಾಗಿ ತತ್ತರಿಸುತ್ತವೆ. ಇಲ್ಲಿ ತಿಮುರ್ ಕಪಾಡ್ಜೆ ಹೊಣೆ ಹೊತ್ತರು. ದೇಶದ ಪರ ನೂರಕ್ಕೂ ಹೆಚ್ಚು ಪಂದ್ಯ ಆಡಿದ, ಒಲಿಂಪಿಕ್ಸ್ ವಯೋಮಿತಿಯ ತಂಡವನ್ನು ಬೆಳೆಸಿದ ಕೋಚ್ ಅವರು. ಆಟಗಾರರು ಅವರಿಗೆ ಹೊಸಬರಲ್ಲ, ಅವರೂ ಆಟಗಾರರಿಗೆ ಹೊಸಬರಲ್ಲ. ಅರ್ಹತೆ ಗಳಿಸಿದ್ದು ಅವರ ಕೈಕೆಳಗೇ.

ಅದಾದ ಮೇಲೆ 2025ರ ಅಕ್ಟೋಬರ್‌ನಲ್ಲಿ 2006ರ ವಿಶ್ವಕಪ್ ಗೆದ್ದ ಇಟಲಿಯ ನಾಯಕ ಫಾಬಿಯೊ ಕನ್ನವಾರೊ ಅವರನ್ನು ಮುಖ್ಯ ಕೋಚ್ ಆಗಿ ತಂದದ್ದು ಒಪ್ಪುವಂಥದ್ದಲ್ಲ. ಕನ್ನವಾರೊ ದೊಡ್ಡ ಆಟಗಾರ, ವಿಶ್ವಕಪ್ಪಿನ ಒತ್ತಡ ಬಲ್ಲವರು, ರಕ್ಷಣಾ ಸಾಲಿಗೆ ಕಲಿಸಬಲ್ಲದ್ದು ಅವರಲ್ಲಿ ಬೇಕಾದಷ್ಟಿದೆ. ಆದರೂ ಮನೆಯ ದುಡಿಮೆಯಿಂದ ಬಂದ ಫಲವನ್ನು ಮನೆಯವನ ಕೈಯಲ್ಲೇ ಬಿಡಬೇಕಿತ್ತು. ಬುನ್ಯೋದ್ಕೋರ್ ಕಾಲದ ಹಳೆಯ ಆಸೆ, ಅಂದರೆ ಹೆಸರಿನ ಮೇಲಿನ ನಂಬಿಕೆ, ಈ ನಿರ್ಧಾರದಲ್ಲಿ ಮತ್ತೆ ಇಣುಕಿದೆ. ಕನ್ನವಾರೊ ಗೆದ್ದರೂ ಸೋತರೂ ಅಡಿಪಾಯ ಹಾಕಿದವರು ಯಾರೆಂಬುದು ಬದಲಾಗುವುದಿಲ್ಲ.

ಮುಂದಿರುವ ಮೂರು ಪಂದ್ಯ
- ಜೂನ್ 17, ಮೆಕ್ಸಿಕೊ ಸಿಟಿ: ಕೊಲಂಬಿಯಾ. ಅಂಗಣ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಚೆಂಡಿನ ಓಟ ಚುರುಕು, ಉಸಿರಿಗೆ ಕಷ್ಟ.
- ಜೂನ್ 23, ಹೂಸ್ಟನ್: ಪೋರ್ಚುಗಲ್.
- ಜೂನ್ 27, ಅಟ್ಲಾಂಟಾ: ಪ್ಲೇ-ಆಫ್ ದಾಟಿ ಬರುವ ತಂಡ.
- 12 ಗುಂಪುಗಳ ಮೊದಲ ಇಬ್ಬರ ಜತೆ, ಮೂರನೇ ಸ್ಥಾನ ಪಡೆದವರಲ್ಲಿ ಉತ್ತಮರಾದ ಎಂಟು ತಂಡಗಳಿಗೂ ಮುಂದಿನ ಸುತ್ತಿನಲ್ಲಿ ಜಾಗವಿದೆ.

‘ಅದು ಸರ್ಕಾರ ಹೇಳಿದಂತೆ ನಡೆಯುವ ದೇಶ’

ಮೂರನೇ ಆಕ್ಷೇಪ ಭಾರತೀಯರ ಬಾಯಲ್ಲಿ ಸಹಜವಾಗಿ ಬರುತ್ತದೆ. ಅಧಿಕಾರ ಒಂದೇ ಕಡೆ ಕೇಂದ್ರೀಕೃತವಾದ ದೇಶ ಅದು. ಅಧ್ಯಕ್ಷರು ಮನಸ್ಸು ಮಾಡಿದರೆ ಕ್ಲಬ್ ಹುಟ್ಟುತ್ತದೆ, ಕ್ರೀಡಾಂಗಣ ಏಳುತ್ತದೆ, ಅರ್ಹತೆ ಪಡೆದ ಆಟಗಾರರಿಗೆ ಕಾರು ಬಹುಮಾನ ಬರುತ್ತದೆ. ನಮ್ಮಂಥ ಪ್ರಜಾಪ್ರಭುತ್ವದಲ್ಲಿ ಅದು ಹೇಗೆ ಸಾಧ್ಯ? ಇದಕ್ಕೆ ಜಪಾನ್ ಉತ್ತರ ಕೊಡುತ್ತದೆ. 1998ರಿಂದ ಒಂದು ವಿಶ್ವಕಪ್ಪನ್ನೂ ತಪ್ಪಿಸಿಕೊಳ್ಳದ ಜಪಾನ್‌ನಲ್ಲಿ ಇದೇ ವಯಸ್ಸಿನ ಸೇತುವೆಯಾಗಿ ನಿಂತಿರುವುದು ವಿಶ್ವವಿದ್ಯಾಲಯಗಳ ಫುಟ್‌ಬಾಲ್. ಕಾವೊರು ಮಿತೊಮಾ ವೃತ್ತಿಪರ ಕ್ಲಬ್ಬಿನ ಕರೆಯನ್ನು ಮುಂದಕ್ಕೆ ಹಾಕಿ ತ್ಸುಕುಬಾ ವಿಶ್ವವಿದ್ಯಾಲಯ ಸೇರಿದರು, ಅಲ್ಲಿ ಆಡಿ ಪಕ್ವಗೊಂಡು ಕಾವಾಸಾಕಿಗೆ, ಬಳಿಕ ಇಂಗ್ಲೆಂಡಿನ ಬ್ರೈಟನ್‌ಗೆ ಹೋದರು. ಸೇತುವೆಯನ್ನು ಸರ್ಕಾರವೇ ಕಟ್ಟಬೇಕೆಂದಿಲ್ಲ, ಆದರೆ ಯಾರಾದರೂ ಕಟ್ಟಲೇಬೇಕು.

ಬೆಂಗಳೂರಿಗೂ ಇದು ಗೊತ್ತಿದ್ದ ಸಂಗತಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್, ಎರಡು ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್ ಈ ಊರಿನ ದಂಡು ಪ್ರದೇಶದ ಫುಟ್‌ಬಾಲ್ ಸಂಸ್ಕೃತಿ ಕೊಟ್ಟ ಕೊಡುಗೆ. ಮುಂದೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಚೆನ್ನಾಗಿ ಆಡುವ ಹುಡುಗರಿಗೆ ಕೆಲಸವನ್ನೂ ಆಡಲು ತಂಡವನ್ನೂ ಕೊಟ್ಟವು. ಮನೆಗೆ ಸಂಬಳ ಬರುತ್ತಿದ್ದುದರಿಂದ ಆಟ ಬಿಡಬೇಕಾದ ವಯಸ್ಸಿನಲ್ಲಿ ಆಟ ಮುಂದುವರಿಯಿತು. 1967–68 ಮತ್ತು 1968–69ರಲ್ಲಿ ಮೈಸೂರು ರಾಜ್ಯ ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದದ್ದು ಅಂಥ ಕಾಲದಲ್ಲಿ. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬರಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಸಾರ್ವಜನಿಕ ಉದ್ದಿಮೆಗಳ ತಂಡಗಳು ಸೊರಗಿದಾಗ ಅವುಗಳ ಜಾಗವನ್ನು ಬೇರೆ ಏನೂ ತುಂಬಲಿಲ್ಲ.

ದೇಶದ ಮಟ್ಟದಲ್ಲಿ ಭಾರತ ಇದೇ ಪ್ರಯೋಗವನ್ನು ಉಜ್ಬೇಕಿಸ್ತಾನಕ್ಕಿಂತ ಹನ್ನೊಂದು ವರ್ಷ ಮೊದಲೇ ಮಾಡಿತ್ತು ಎಂಬುದು ನೋವಿನ ಮಾತು. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಯುವ ಆಟಗಾರರಿಗಾಗಿ ಆ್ಯರೋಸ್ ತಂಡ ಕಟ್ಟಿ ಐ-ಲೀಗ್‌ನಲ್ಲಿ ಆಡಿಸಿತು. 2013ರಲ್ಲಿ ಅದು ನಿಂತಿತು. 2017ರಲ್ಲಿ ಭಾರತವೇ 17 ವರ್ಷದೊಳಗಿನವರ ವಿಶ್ವಕಪ್ ನಡೆಸಿದ ಬಳಿಕ ಆ ಹುಡುಗರಿಗಾಗಿ ಮತ್ತೆ ಶುರುವಾಯಿತು. 2022ರಲ್ಲಿ ಮತ್ತೆ ಮುಚ್ಚಿತು. ಉಜ್ಬೇಕಿಸ್ತಾನ ತನ್ನ ಒಲಿಂಪಿಕ್ ತಂಡವನ್ನು ಸೂಪರ್ ಲೀಗ್‌ನಲ್ಲಿ ಆಡಿಸುತ್ತಿದ್ದ ಅದೇ ಕಾಲ ಅದು. ಹಾಗಾಗಿ ಎರಡು ದೇಶಗಳ ನಡುವಿನ ಅಂತರವನ್ನು ಆಡಳಿತ ಪದ್ಧತಿಯೊಂದರಿಂದಲೇ ವಿವರಿಸಲಾಗದು. ಕಲ್ಪನೆ ನಮಗೂ ಹೊಳೆದಿತ್ತು, ತಾಳ್ಮೆ ಸಾಲಲಿಲ್ಲ.

ಫಲಿತಾಂಶ ಕಣ್ಣೆದುರಿಗಿದೆ. 2024ರ ಜನವರಿ 18ರಂದು ಕತಾರ್‌ನಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ಉಜ್ಬೇಕಿಸ್ತಾನ ಭಾರತವನ್ನು 3–0ರಿಂದ ಸೋಲಿಸಿತು. ನಾಲ್ಕನೇ ನಿಮಿಷದಲ್ಲೇ ಮೊದಲ ಗೋಲು ಹೊಡೆದದ್ದು ಹಿಂದಿನ ವರ್ಷವಷ್ಟೇ 20 ವರ್ಷದೊಳಗಿನವರ ಕಪ್ ಗೆದ್ದ ಫೈಜುಲ್ಲಾಯೆವ್. ಭಾರತದ ಮುಂದಾಳು ಆಗಲೂ ಸುನಿಲ್ ಚೆಟ್ರಿ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ ಅವರನ್ನು 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೆ ಕರೆಯಬೇಕಾಯಿತು. ಅದು ಚೆಟ್ರಿಯವರ ಹಿರಿಮೆಗೆ ಸಾಕ್ಷಿ. ಆದರೆ ಅವರ ಹಿಂದೆ ಒಂದು ಸಾಲು ಬೆಳೆದಿಲ್ಲ ಎಂಬುದಕ್ಕೂ ಸಾಕ್ಷಿ. 2025–26ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ವಾಣಿಜ್ಯ ಒಪ್ಪಂದದ ಗೊಂದಲದಲ್ಲಿ ಸಿಕ್ಕಿ ಸಕಾಲಕ್ಕೆ ಶುರುವಾಗದೆ ಹೋದಾಗ ಹೆಚ್ಚು ಕಳೆದುಕೊಂಡವರೂ ಇದೇ ಹದಿನೆಂಟರಿಂದ ಇಪ್ಪತ್ತೆರಡರ ಹುಡುಗರು. ಮೂವತ್ತರ ಆಟಗಾರ ಒಂದು ಋತು ತಡವಾದರೆ ಸಹಿಸಿಕೊಂಡಾನು, ಹತ್ತೊಂಬತ್ತರವನಿಗೆ ಆ ಋತು ಮತ್ತೆ ಸಿಗುವುದಿಲ್ಲ.

2030ರ ತಯಾರಿ ಈಗಲೇ

ಜೂನ್‌ನಲ್ಲಿ ಉಜ್ಬೇಕಿಸ್ತಾನ ಏನು ಮಾಡುತ್ತದೆಂದು ಹೇಳಲಾಗದು. ಮೆಕ್ಸಿಕೊ ಸಿಟಿಯ ಎತ್ತರ, ಕೊಲಂಬಿಯಾದ ವೇಗ, ಪೋರ್ಚುಗಲ್‌ನ ಅನುಭವ ಮೂರೂ ಹೊಸ ತಂಡಕ್ಕೆ ಕಠಿಣ ಪರೀಕ್ಷೆ. ಮೂರೂ ಪಂದ್ಯ ಸೋತು ಬಂದರೆ, ಇಷ್ಟಕ್ಕೇ ಇಷ್ಟೊಂದು ಹೊಗಳಿಕೆಯೇ ಎಂದು ಕೇಳುವವರು ಇರುತ್ತಾರೆ. ಅವರಿಗೆ ಕೊಡಬೇಕಾದ ಉತ್ತರ ಇದು: ಒಂದು ಟೂರ್ನಿಯ ಫಲಿತಾಂಶದಲ್ಲಿ ಅದೃಷ್ಟಕ್ಕೂ ಪಾಲಿದೆ. ಏಳೆಂಟು ವರ್ಷಗಳಲ್ಲಿ ಪ್ರತಿ ವಯೋಮಿತಿಯಲ್ಲೂ ಫೈನಲ್ ತಲುಪುವುದರಲ್ಲಿ ಅದೃಷ್ಟದ ಪಾಲು ತೀರ ಕಡಿಮೆ. ತಾಯಿಫ್‌ನಲ್ಲಿ ಒಂಬತ್ತೇ ಮಂದಿಯಾಗಿ ಕಪ್ ಗೆದ್ದ ಹುಡುಗರು 2030ರ ವಿಶ್ವಕಪ್ ಹೊತ್ತಿಗೆ ಇಪ್ಪತ್ತೆರಡರ ಆಸುಪಾಸಿನಲ್ಲಿರುತ್ತಾರೆ. ಆ ವಿಶ್ವಕಪ್ಪಿನ ಅವರ ತಯಾರಿ ಆಗಲೇ ಶುರುವಾಗಿದೆ.

ನಮ್ಮಲ್ಲೂ ಅಂಥ ಹುಡುಗರಿದ್ದಾರೆ. 2025ರ ನವೆಂಬರ್ 30ರಂದು ಅಹಮದಾಬಾದ್‌ನಲ್ಲಿ ಭಾರತದ 17 ವರ್ಷದೊಳಗಿನವರ ತಂಡ ಇರಾನ್ ತಂಡವನ್ನು 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಹದಿನೇಳರಲ್ಲಿ ನಾವು ಇರಾನ್ ಮಟ್ಟಕ್ಕೆ ನಿಲ್ಲಬಲ್ಲೆವು ಎಂದಾದರೆ ಇಪ್ಪತ್ತಮೂರರಲ್ಲಿ ಏಕೆ ನಿಲ್ಲಲಾರೆವು ಎಂಬ ಪ್ರಶ್ನೆಗೆ ಫೆಡರೇಷನ್, ಕ್ಲಬ್‌ಗಳು, ರಾಜ್ಯ ಸಂಸ್ಥೆಗಳು, ವಿಶ್ವವಿದ್ಯಾಲಯಗಳು ಉತ್ತರ ಕೊಡಬೇಕು. ಮುಂದಿನ ಋತುವಿನಲ್ಲಿ ಆ ಹುಡುಗರು ಯಾವ ಲೀಗ್‌ನಲ್ಲಿ, ಯಾವ ತಂಡದಲ್ಲಿ, ಎಷ್ಟು ಪಂದ್ಯ ಆಡುತ್ತಾರೆ? ಒಬ್ಬೊಬ್ಬ ಆಟಗಾರನ ಹೆಸರಿನ ಮುಂದೆಯೂ ಈ ಉತ್ತರ ಬರೆಯಲು ಸಾಧ್ಯವಾದ ದಿನ ಭಾರತ ವಿಶ್ವಕಪ್ಪಿಗೆ ತಯಾರಾಗತೊಡಗಿದೆ ಎಂದು ಹೇಳಬಹುದು. ಅದಕ್ಕೆ ಆರ್ಥಿಕ ಪವಾಡ ಬೇಡ, ವಿದೇಶಿ ತಾರೆಯೂ ಬೇಡ. ಒಮ್ಮೆ ಕಟ್ಟಿದ ತಂಡವನ್ನು ಸೋಲು ಬಂದಾಗ ಮುಚ್ಚದೆ ಹತ್ತು ವರ್ಷ ನಡೆಸುವ ಹಟ ಸಾಕು.